ಎಡಗಿವಿಯ ಕಡೆ

ನೆನೆಸಿಟ್ಟ ಅವರೆಕಾಳನ್ನು ಅಪ್ಪ ಮಗಳು ಜಗಲಿಯ ಮೇಲೆ ಮಾತಿಲ್ಲದೆ ಹಿದುಕುತ್ತಿದ್ದರು. ಬೆರಳ ತುದಿಯಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಸಿಪ್ಪೆ ಬಿಟ್ಟು ಪಾತ್ರೆಗೆ ಬೀಳುತ್ತಿತ್ತು. ಕೂರುವಾಗಲೇ ಒಂದು ಸಣ್ಣ ಗೊಂದಲವಾಗಿತ್ತು. ಮೂಡಲಗಿರಿಯಪ್ಪ ಮಗಳ ಎಡಕ್ಕೆ ಕೂತರೆ ಮಾನಸಾ ಎದ್ದು ಅವರ ಎಡಕ್ಕೆ ಬಂದಳು. ಅವರು ಮತ್ತೆ ಎದ್ದು ಅವಳ ಎಡಕ್ಕೆ ಸರಿದರು. ಕೊನೆಗೆ ಇಬ್ಬರೂ ಮೊರವನ್ನು ನಡುವೆ ಇಟ್ಟುಕೊಂಡು ಎದುರುಬದುರು ಕೂತರು.

ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೇಳು ವರ್ಷ ತಗಡು ಒತ್ತುವ ಪ್ರೆಸ್ ಮಿಷನ್ನಿನ ಮುಂದೆ ನಿಂತು ಮೂಡಲಗಿರಿಯಪ್ಪನವರ ಎಡಗಿವಿ ಹೋಗಿತ್ತು. ಮಾತಾಡುವವರು ಬಲಗಡೆ ಇದ್ದರೇ ಅವರಿಗೆ ಕೇಳುವುದು. ಆದರೆ ಮಗಳಿಗೂ ಯಾಕೆ ಜನ ಬಲಗಡೆಯೇ ಬೇಕು? ಅವಳು ಗುಬ್ಬಿಗೆ ಬಂದ ಒಂಬತ್ತು ದಿನದಿಂದ ಅವರು ನೋಡುತ್ತಲೇ ಇದ್ದರು. ಫೋನು ಬಲಗಿವಿಗೆ ಮಾತ್ರ. ಬಸ್ಸಿನಲ್ಲಿ ಎಡಕ್ಕೆ ಕಿಟಕಿ ಇರುವ ಸೀಟೇ ಆಗಬೇಕು. ಯಾರಾದರೂ ಮಾತಾಡಿದರೆ ಕಣ್ಣು ಅವರ ತುಟಿಯ ಮೇಲೆ.

ಮಾನಸಾ ಯುದ್ಧದ ವರದಿಗಾರ್ತಿ. ತುಮಕೂರಿನ ಒಂದು ಪತ್ರಿಕೆಗೆ ಕೊಬ್ಬರಿ ಧಾರಣೆ ಬರೆಯುತ್ತಿದ್ದವಳು ದೆಹಲಿಯ ಸುದ್ದಿಸಂಸ್ಥೆ ಸೇರಿ, ಎಂಟು ವರ್ಷದಲ್ಲಿ ಕಾಬೂಲ್, ಬೈರೂತ್ ಸುತ್ತಿ, ಈಗ ಸುಡಾನಿನಿಂದ ರಜೆಗೆ ಬಂದಿದ್ದಳು. ಮನೆಯವರು ಅವಳನ್ನು ಹೆಚ್ಚಾಗಿ ಕಾಣುತ್ತಿದ್ದದ್ದು ಮೊಬೈಲಿನಲ್ಲೇ: ನೀಲಿ ಕವಚ ತೊಟ್ಟು, ಸುಟ್ಟ ಗೋಡೆಯೊಂದರ ಮುಂದೆ ನಿಂತು, ಇವರಿಗೆ ಅರ್ಥವಾಗದ ಇಂಗ್ಲಿಷಿನಲ್ಲಿ ನಿಧಾನವಾಗಿ ಮಾತಾಡುತ್ತ. ಇವತ್ತು ಮಧ್ಯಾಹ್ನದ ರೈಲಿಗೆ ಅವಳು ವಾಪಸ್ಸು ಹೊರಡಬೇಕಿತ್ತು.

ಒಳಗೆ ಕೊಲ್ಲಾಪುರಮ್ಮ ಪಾತ್ರೆ ಕುಕ್ಕುವುದು ಕೇಳುತ್ತಿತ್ತು. ಎರಡು ದಿನದಿಂದ ಅವರಿಗೆ ಮಗಳ ಮೇಲೆ ಮುನಿಸು. ಕುಣಿಗಲ್ಲಿನ ಮದುವೆಯಲ್ಲಿ ಅವರ ತಂಗಿ ಮೂರು ಸಲ ಕೂಗಿದರೂ ಮಾನಸಾ ತಿರುಗಿ ನೋಡಿರಲಿಲ್ಲ.

"ಬುಡಕ್ಕ, ನಿನ್ ಮಗ್ಳಿಗೆ ಬಾಂಬ್ ಬಿದ್ರೇನೇ ಕೇಳ್ಸೋದು. ನಾವ್ ಕರುದ್ರೆ ಎಲ್ ಕೇಳ್ಸತದೆ," ಅಂದಿದ್ದಳು ಆ ತಂಗಿ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮಾನಸಾಳೂ ನಕ್ಕಳು, ಎಲ್ಲರೂ ನಗುವುದನ್ನು ನೋಡಿ, ಒಂದು ಗಳಿಗೆ ತಡವಾಗಿ. ಅವತ್ತೇ ಮೂಡಲಗಿರಿಯಪ್ಪನವರಿಗೆ ಖಾತ್ರಿಯಾಗಿದ್ದು.

ಈಗ ಅವರು ತಮ್ಮ ಎಡಗಿವಿಯನ್ನು ಮುಟ್ಟಿ ತೋರಿಸಿದರು. "ಯಾವಾಗ್ಲಿಂದವ್ವ?"

ಅವಳು ಕೈಯಲ್ಲಿದ್ದ ಹಿಡಿ ಕಾಳನ್ನು ಹಿದುಕಿ ಮುಗಿಸಿದಳು.

"ಅಕ್ಟೋಬರಿಂದ."

ಅಲ್ಲಿಯ ಸಂತೆಯಲ್ಲಿ ಈರುಳ್ಳಿ ಮಾರುವ ಹೆಂಗಸೊಬ್ಬಳನ್ನು ಮಾತಾಡಿಸುತ್ತಿದ್ದಾಗ ಶೆಲ್ ಬಿತ್ತಂತೆ. ಅವಳ ಹೆಸರು ಬರೆದುಕೊಂಡಾಗಿತ್ತಂತೆ, ವಯಸ್ಸು ಕೇಳುವುದು ಬಾಕಿಯಿತ್ತಂತೆ. ಕಿವಿಯ ವಿಷಯ ಆಫೀಸಿಗೆ ಹೇಳಿಲ್ಲ. ಗೊತ್ತಾದರೆ ದೆಹಲಿಯಲ್ಲೇ ಮೇಜಿನ ಮುಂದೆ ಕೂರಿಸಿಬಿಡುತ್ತಾರೆ.

"ನಮ್ಮಲ್ಲಿ ಕಿವಿ ಹೋದೋರ್ನ ಪ್ಯಾಕಿಂಗಿಗೆ ಹಾಕೋರು. ಅದ್ಕೇ ನಾನೂ ಹೇಳ್ನಿಲ್ಲ," ಅಂದರು.

ಅವಳಿಗೆ ನಗು ಬಂತು. ಅವರು ನಗಲಿಲ್ಲ. ಕಾರ್ಖಾನೆಯ ಅಂಗಳದಲ್ಲಿ ಒಂದು ದಿನ ಲಾರಿಯ ಹಾರ್ನು ಅವರಿಗೆ ಕೇಳಿತ್ತು, ಎಲ್ಲಿಂದ ಎಂದು ತಿಳಿಯದೆ ಲಾರಿಯ ಕಡೆಗೇ ಹೆಜ್ಜೆ ಇಟ್ಟಿದ್ದರು. ಅವತ್ತು ಗಾಲಿಗೆ ಸಿಕ್ಕಿದ ಕಾಲನ್ನು ಇವತ್ತಿಗೂ ಎಳೆದೇ ನಡೆಯುತ್ತಾರೆ.

"ಸದ್ದೇನೋ ಕೇಳ್ತದೆ. ಯಾವ ಕಡೆಯಿಂದ ಅಂತ ತಿಳಿಯಾಕಿಲ್ಲ. ಅಲ್ವಾ?"

ಮಾನಸಾ ಹೂಂ ಎಂಬಂತೆ ತಲೆಯಾಡಿಸಿದಳು. "ಅಮ್ಮಂಗೆ ಹೇಳ್ಬೇಡಪ್ಪ. ಅಲ್ಲಿಂದ ಬರೆಯೋಕೆ ಉಳಿದಿರೋರೇ ಮೂರ್ನಾಕ್ ಜನ."

ಹೆಂಡತಿಗೆ ಒಂದು ಮಾತು ಹೇಳಿದರೆ ಸಾಕಿತ್ತು. ಕೊಲ್ಲಾಪುರಮ್ಮ ಹೊಸ್ತಿಲಿಗೆ ಅಡ್ಡ ಕೂತರೆ ದಾಟಿ ಹೋಗುವ ಮಗಳಲ್ಲ ಅವಳು. ಅಷ್ಟರಲ್ಲಿ ಕೊಲ್ಲಾಪುರಮ್ಮನೇ ಬೇಳೆಗೆಂದು ಹೊರಗೆ ಬಂದು, ಮಗಳತ್ತ ನೋಡದೆ ಪಾತ್ರೆಗೆ ಕೈಹಾಕಿದರು. ಮಾನಸಾ ಅಪ್ಪನ ತುಟಿಯನ್ನೇ ನೋಡುತ್ತಿದ್ದಳು.

"ಅಲ್ಲ ಕಣೇ," ಅಂದರು ಮೂಡಲಗಿರಿಯಪ್ಪ, "ಕುಣಿಗಲ್ಲಲ್ಲಿ ಓಲಗದೋರು ನಮ್ ತಲೆ ಮ್ಯಾಲೇ ಊದ್ತಿದ್ರು. ನಿನ್ ತಂಗಿ ಕೂಗಿದ್ದು ನಂಗೇ ಕೇಳ್ನಿಲ್ಲ."

"ನಿಮಗ್ ಯಾವತ್ ಕೇಳಿತ್ತು," ಅಂದು ಕೊಲ್ಲಾಪುರಮ್ಮ ಒಳಗೆ ಹೋದರು. ಆದರೆ ಊಟದ ಹೊತ್ತಿಗೆ ಹಿದುಕಿದ ಬೇಳೆಯ ಸಾರು ಮಗಳ ತಟ್ಟೆಗೆ ಎರಡು ಸೌಟು ಹೆಚ್ಚಾಗಿಯೇ ಬಿತ್ತು. ಹೊರಡುವಾಗ ಅವಳ ಜಡೆಯನ್ನು ತಾವೇ ಬಿಚ್ಚಿ ಮತ್ತೆ ಹೆಣೆದರು.

ಗುಬ್ಬಿ ಸ್ಟೇಷನ್ನಿನಲ್ಲಿ ಮೂಡಲಗಿರಿಯಪ್ಪ ಮಗಳ ಎದುರಿಗೆ ನಿಂತು, ತಾವು ಕಾರ್ಖಾನೆಯಲ್ಲಿ ಕಲಿತದ್ದನ್ನೆಲ್ಲ ಹೇಳಿಕೊಟ್ಟರು. ಸದ್ದಾದರೆ ಸದ್ದನ್ನು ಹುಡುಕಬೇಡ, ಜೊತೆಯವರು ಯಾವ ಕಡೆ ತಿರುಗಿದರು ನೋಡು. ಒಬ್ಬರಿಗಾದರೂ ಕಿವಿಯ ವಿಷಯ ಹೇಳಿರು. ನಡೆಯುವಾಗ ಎಡಗಡೆ ಯಾವಾಗಲೂ ನಂಬಿಕೆಯವರೊಬ್ಬರು ಇರಲಿ. ಅವಳು ಶಾಲೆಯ ಹುಡುಗಿಯ ಹಾಗೆ ಒಂದೊಂದಕ್ಕೂ ತಲೆಯಾಡಿಸಿದಳು.

ಹೇಳುವುದೆಲ್ಲ ಮುಗಿದ ಮೇಲೆ ಅವರು ಬೆಂಚಿನ ಮೇಲೆ ಅವಳ ಎಡಕ್ಕೆ, ಕೇಳದ ಕಿವಿಯ ಕಡೆಗೆ ಹೋಗಿ ಕೂತರು. ಈ ಸಲ ಅವಳು ಜಾಗ ಬದಲಿಸಲಿಲ್ಲ. ನಿಟ್ಟೂರಿನ ಕಡೆಯಿಂದ ರೈಲು ಸಣ್ಣಗೆ ಕಾಣಿಸಿಕೊಂಡಿತ್ತು. ಮಾನಸಾ ಬ್ಯಾಗಿನ ಪಟ್ಟಿ ಬಿಗಿಮಾಡಿಕೊಳ್ಳುತ್ತ ಅದನ್ನೇ ನೋಡುತ್ತಿದ್ದಳು. ಅವಳು ಏನಾದರೂ ಅಂದಿದ್ದರೆ ಅಲ್ಲಿಂದ ಅವರಿಗೆ ಚೆನ್ನಾಗಿ ಕೇಳುತ್ತಿತ್ತು. ಮೂಡಲಗಿರಿಯಪ್ಪ ಹಳಿಯ ಕಡೆ ಮುಖ ಮಾಡಿಕೊಂಡು, ಮಾಮೂಲಿ ದನಿಯಲ್ಲೇ ಹೇಳಿದರು:

"ಈ ಸಲ ಹೋಗ್ಬ್ಯಾಡ ಕಣವ್ವ."