ಕೊಟ್ಟಿಗೆ ಬಾಚಿದವನ ಬೆಳ್ಳಿ

ತಲಕಾಡಿನ ಹತ್ತಿರ ಶಿವಸ್ವಾಮಿಯವರ ಗದ್ದೆಯಲ್ಲಿ ಪೈಪು ಹೂಳಲೆಂದು ಚೆಲುವಯ್ಯ ಗುಂಡಿ ತೋಡಿದರೆ ಒಂದು ಕುಡಿಕೆ ಬೆಳ್ಳಿ ನಾಣ್ಯ ಎದ್ದಿತು. ಎತ್ತಿದ ಕೈ ಚೆಲುವಯ್ಯನದು. ಎತ್ತಿದ ಮೇಲೆ ಮುಟ್ಟಬಾರದು ಅನ್ನಿಸಿಕೊಂಡ ಕೈಯೂ ಅವನದೇ. ಅರ್ಚಕ ಚಕ್ರಪಾಣಿ ಕುಡಿಕೆಗೆ ಗೋಮೂತ್ರ ಚಿಮುಕಿಸಿ ಅವನನ್ನು ಬದುವಿನಾಚೆ ನಿಲ್ಲಿಸಿದ್ದರು.

ಅವನ ಮಗಳು ಅರ್ಪಿತ ಸುದ್ದಿ ಕೇಳಿ ಮೈಸೂರಿನಿಂದ ಎದ್ದುಬಿದ್ದು ಬಂದಳು. ಗ್ರೀಕರ ಬೆಳ್ಳಿ ನಾಣ್ಯಗಳ ಮೇಲೆಯೇ ಅವಳ ಪಿಎಚ್‌ಡಿ. ಇಷ್ಟು ದಿನ ಚಿತ್ರದಲ್ಲಿ ನೋಡಿದ್ದು ಈಗ ಅಪ್ಪನ ಗುದ್ದಲಿಗೆ ಸಿಕ್ಕಿದೆ. ಸಿಕ್ಕಿದ್ದು ಸಿಕ್ಕ ಹಾಗೇ, ತೊಳೆಯದೆ, ಚದುರಿಸದೆ ನರಸೀಪುರದ ತಹಶೀಲ್ದಾರರ ಕೈ ಸೇರಬೇಕು. ಒಂದು ತೂತು ಬಿತ್ತೋ, ಅದು ಇತಿಹಾಸವಲ್ಲ, ಒಡವೆ.

ಗದ್ದೆಯಲ್ಲಿ ಆಗಲೇ ಕುರುಕ್ಷೇತ್ರ.

"ತಲೆ ಮೇಲೆ ಉಲಿ ಚರ್ಮ ನೋಡ್ರೀ! ನಮ್ಮ ನಂಜುಂಡಪ್ಪನೇ ಕಣ್ರೀ," ಎಂದರು ಶಿವಸ್ವಾಮಿ, ಅಂಗೈ ಮೇಲಿನ ನಾಣ್ಯ ತೋರಿಸುತ್ತಾ. "ನಂಜನಗೂಡಲ್ಲಿ ಕೊಟ್ಟು ಪ್ರಭಾವಳಿಗೆ ಕೂರಿಸ್ತೀನಿ."

ಚಕ್ರಪಾಣಿ ನಾಣ್ಯ ಮಗುಚಿದರು. "ಈ ಕಡೆ ನೋಡಿ ಸ್ವಾಮಿ. ಪೀಠದ ಮೇಲೆ ಕೂತಿದಾನೆ, ಕೈಲಿ ಗರುಡ. ಸಾಕ್ಷಾತ್ ನಾರಾಯಣ! ತೂತು ಹಾಕ್ಸಿ ಕಾಸಿನ ಸರ ಮಾಡ್ಸೋಣ."

ಶಿವಸ್ವಾಮಿಯವರ ಹೆಂಡತಿ ಮಂಗಳಮ್ಮ ನಾಣ್ಯ ತಿಕ್ಕಲು ಚೊಂಬಿನಲ್ಲಿ ಹುಣಸೆಹಣ್ಣು ಕಿವುಚುತ್ತಿದ್ದರು.

"ಸಾರ್, ಇಬ್ರೂ ಅಲ್ಲ," ಅರ್ಪಿತ ಏದುಸಿರು ಬಿಟ್ಟಳು. "ಅಲೆಕ್ಸಾಂಡರನ ಕಾಲದ ನಾಣ್ಯ. ಅದು ಸಿಂಹದ ಚರ್ಮ. ಹೊದ್ದಿರೋನು ಹೆರಾಕ್ಲಿಸ್, ಗ್ರೀಕರ ಶೂರ."

"ಶೂರ ಅಂದ್ಮೇಲೆ ಒಳ್ಳೇ ಕುಲ್ದೋನೇ," ಎಂದರು ಶಿವಸ್ವಾಮಿ. "ಏನ್ ಮಾಡ್ಕಂಡಿದ್ದ?"

ಸಿಂಹ ಕೊಂದ ಕಥೆ ನಾಲಿಗೆಯ ತುದಿಗೆ ಬಂತು. ಅರ್ಪಿತ ಬದುವಿನಾಚೆ ನಿಂತ ಅಪ್ಪನನ್ನು ನೋಡಿದಳು, ಕಥೆ ಬದಲಾಯಿಸಿದಳು.

"ಒಬ್ಬ ರಾಜನ ಕೊಟ್ಟಿಗೇಲಿ ಮೂವತ್ತು ವರ್ಷದ ಸಗಣಿ ಕೊಳೀತಿತ್ತು ಸಾರ್. ಅದನ್ನೆಲ್ಲ ಒಂದೇ ದಿನಕ್ಕೆ ತೆಗೆದವನು ಇವನು."

ಶಿವಸ್ವಾಮಿಯವರ ಅಂಗೈಯಲ್ಲಿದ್ದ ನಾಣ್ಯ ಕೆಂಡವಾಯಿತು. ಕುಡಿಕೆಗೆ ಉದುರಿಸಿ ಪಂಚೆಗೆ ಕೈ ಒರೆಸಿಕೊಂಡರು. ಗೋವಿನ ಮೂತ್ರ ತೀರ್ಥ. ಗೋವಿನ ಸಗಣಿ ಬಾಚಿದವನು ಮೈಲಿಗೆ!

ಚಕ್ರಪಾಣಿಯವರ ಮುಖ ಅರಳಿತು. "ಆ ಕಡೆಯೋನು ಹೋಗ್ಲಿ ಬಿಡಮ್ಮ. ಈ ಕಡೆ ಕೂತಿರೋನು?"

"ಅವರಪ್ಪ, ಸ್ವಾಮಿ."

ಮಂಗಳಮ್ಮ ಚೊಂಬನ್ನು ಬದುವಿಗೆ ಬೋರಲು ಹಾಕಿದರು. "ಅಪ್ಪ ಮಗ ಇಬ್ರೂ ಸರ್ಕಾರಕ್ಕೇ ಓಗ್ಲಿ ಅತ್ಲಾಗೆ!"

ಒಯ್ಯುವವರು ಯಾರು? ಎಲ್ಲರ ಕೈಯೂ ಬೆನ್ನ ಹಿಂದೆ.

"ಲೇ ಚೆಲುವಯ್ಯ, ನೀನೇ ಎತ್ಕಳ್ಲಾ," ಎಂದರು ಶಿವಸ್ವಾಮಿ.

ಚೆಲುವಯ್ಯ ಕುಡಿಕೆಯನ್ನು ಟವಲಿನಲ್ಲಿ ಸುತ್ತಿ ಎದೆಗವಚಿಕೊಂಡ. ನರಸೀಪುರದ ಬಸ್ಸಿನಲ್ಲಿ ಮೆಲ್ಲಗೆ ಕೇಳಿದ: "ಆ ಸಿಂಹನ ಯಾರವ್ವ ಕೊಂದಿದ್ದು?"

"ಇವನೇ ಕಣಪ್ಪ. ಬರಿಗೈಲಿ."

"ಮತ್ತೆ ಅಲ್ಲಿ ಯೋಳ್ನಿಲ್ಲ?"

"ಹೇಳಿದ್ರೆ ಕುಡಿಕೆ ನಿನ್ನ ತೊಡೆ ಮೇಲಿರ್ತಿತ್ತಾ?"

ಚೆಲುವಯ್ಯ ಟವಲು ಸರಿಸಿ ಇಣುಕಿದ.

"ಮೊಕ ನಮ್ಮ ದೊಡ್ಡಣ್ಣಂಗೇ ಓಲ್ತದೆ ಕಣವ್ವ."