ಗೋಡೆಗೆ ಮುಖ ಮಾಡಿದ ಎಪಿಸೋಡು

ಟೀವಿಯವರು ನಮ್ಮ ದನದಾಸ್ಪತ್ರೆಯನ್ನು ಆರಿಸಿದ್ದು ನಮ್ಮನೆಯವರ ಮೀಸೆ ನೋಡಿ. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಆ ಡೈರೆಕ್ಟರ್ ಹುಡುಗಿಯೇ ನನ್ನೆದುರು ಹೇಳಿದಳು. ಸುತ್ತಮುತ್ತ ಬೇರೆ ಡಾಕ್ಟರುಗಳಿದ್ದಾರೆ, ಅವರ ಆಸ್ಪತ್ರೆಗಳ ಸೂರು ಸೋರುವುದೂ ಇಲ್ಲ, ಆದರೆ ಅವರ್ಯಾರಿಗೂ ಇಂಥ ಮೀಸೆ ಇಲ್ಲವಂತೆ. ಅವತ್ತಿನಿಂದ ಇವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಷ್ಟು ವರ್ಷ ಸಗಣಿ ಮೆತ್ತಿದ ಬೂಟಿನಲ್ಲೇ ಊಟಕ್ಕೆ ಬಂದು ನನ್ನಿಂದ ಬೈಸಿಕೊಂಡ ಮನುಷ್ಯ, ಈಗ ಬೆಳಗಾದರೆ ಕನ್ನಡಿ ಮುಂದೆ ನಿಂತು ಮೀಸೆಗೆ ಕಪ್ಪು ಹಚ್ಚಿಕೊಳ್ಳತೊಡಗಿದರು.

ಆಸ್ಪತ್ರೆ ಎಂದರೆ ನಮ್ಮ ಮನೆಯ ಮುಂದಿನ ಎರಡು ಕೋಣೆ. ಔಷಧಿ ಕಪಾಟು, ಫೋನು ಮತ್ತು ಬೈಗುಳ ನನ್ನ ಇಲಾಖೆ. ಕಾರ್ಯಕ್ರಮ ಎಂದರೆ ದಿನಾ ನಡೆಯುವುದನ್ನು ಇದ್ದದ್ದು ಇದ್ದ ಹಾಗೆ ತೋರಿಸುವುದು ಎಂದಿದ್ದರು. ಆದರೆ ಇದ್ದದ್ದು ಯಾವುದೂ ಆ ಹುಡುಗಿಗೆ ಮೊದಲ ಸಲಕ್ಕೆ ಹಿಡಿಸುತ್ತಿರಲಿಲ್ಲ. ಮಾತೆತ್ತಿದರೆ "ಇನ್ನೊಂದ್ಸಲ" ಅನ್ನುತ್ತಿದ್ದಳು. ಆದ್ದರಿಂದ ನಾವು ಅವಳಿಗೆ ಅದನ್ನೇ ಹೆಸರಿಟ್ಟೆವು. ಕುರಿಗೆ ಸೂಜಿ ಚುಚ್ಚಿದಾಗ ಬೆಳಕು ಸಾಲಲಿಲ್ಲ ಅಂದಳು. ಇವರು ಖಾಲಿ ಸಿರಿಂಜು ಹಿಡಿದು ಮತ್ತೆ ಚುಚ್ಚಿದಂತೆ ಮಾಡಿದರು, ಕುರಿ ಎರಡನೇ ಸಲ ಇನ್ನೂ ಚೆನ್ನಾಗಿ ಅರಚಿತು. ಕತ್ತೆಯ ಹಲ್ಲು ನೋಡುವಾಗ ಕತ್ತೆ ನಕ್ಕಂತೆ ಕಂಡಿತಂತೆ. ಮತ್ತೆ ಬಾಯಿ ತೆರೆಸಲು ಹೋದರೆ ಕತ್ತೆ ಅವಳ ಟೋಪಿಯನ್ನೇ ಅಗಿದು ಹಾಕಿತು. ನನಗೆ ಆ ಕತ್ತೆಯ ಮೇಲೆ ಈಗಲೂ ಗೌರವ ಇದೆ.

ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಮಗಳ ವಿಷಯಕ್ಕೆ. ಅವಳೂ ದನದ ಡಾಕ್ಟರೇ. ಓದು ಮುಗಿಸಿ ಅಪ್ಪನ ಜೊತೆ ಕೆಲಸಕ್ಕಿಳಿದು ಎರಡು ವರ್ಷವಾಗಿತ್ತು. ಆದರೂ ಫೋನ್ ಮಾಡಿದವರೆಲ್ಲ "ಡಾಕ್ಟ್ರು ಇದ್ದಾರಾ?" ಎಂದು ಕೇಳುತ್ತಿದ್ದದ್ದು ಅಪ್ಪನನ್ನೇ. ಮಗಳನ್ನು ಕಳಿಸ್ತೀನಿ ಅಂದರೆ, "ಬೇಡ ಬಿಡಿ, ಡಾಕ್ಟ್ರು ಬರೋತನಕ ಎಮ್ಮೆ ತಡ್ಕೊಳ್ಳುತ್ತೆ" ಅನ್ನುತ್ತಿದ್ದರು. ಎಮ್ಮೆಯನ್ನು ಒಂದು ಮಾತು ಕೇಳಿದ್ದರೋ ಇಲ್ಲವೋ. ಟೀವಿಯಲ್ಲಿ ಕಂಡರೆ ಜನ ನಂಬಿಯಾರು ಎಂದು ಮಗಳು ಆಸೆಪಟ್ಟಿದ್ದಳು. ಟೀವಿಯವರು ಅವಳ ಕೈಗೆ ಬಕೆಟ್ ಕೊಟ್ಟರು.

ಒಂದು ದಿನ ಊಟಕ್ಕೆ ಕೂತಾಗ ಅವಳು ತಟ್ಟೆ ನೋಡುತ್ತಲೇ ಹೇಳಿದಳು. "ಶೂಟಿಂಗ್ ಮುಗಿದ್ಮೇಲೂ ಹೀಗೇ ಆದ್ರೆ ನಾನು ಸಿಟಿಗೆ ಹೋಗ್ತೀನಮ್ಮಾ. ಅಲ್ಲಿ ನಾಯಿಗಳಿಗೆ ಸ್ನಾನ ಮಾಡ್ಸಿ ಕೂದ್ಲು ಕತ್ತರ್ಸೋ ಅಂಗಡೀಲಿ ಡಾಕ್ಟರ್ ಬೇಕಂತೆ."

"ಯಾರಿಗೆ ಡಾಕ್ಟರು, ನಾಯಿಗಾ, ಶಾಂಪೂಗಾ?" ಅಂದೆ.

ಅವಳು ನಗಲಿಲ್ಲ. ನಮ್ಮನೆಯವರು ಇದ್ಯಾವುದೂ ಕೇಳಿಸದವರಂತೆ ಸ್ಟೀಲ್ ಲೋಟದಲ್ಲಿ ತಮ್ಮ ಮುಖ ನೋಡಿಕೊಂಡು ಹುಬ್ಬು ಗಂಟಿಕ್ಕುವುದನ್ನು ಅಭ್ಯಾಸ ಮಾಡುತ್ತಿದ್ದರು. ಎತ್ತಿ ಲೋಟವನ್ನೇ ತಲೆಗೆ ಬಡಿಯೋಣ ಅನ್ನಿಸಿತು.

ಕೊನೆಯ ಎಪಿಸೋಡಿಗೆ ಒಂದು ಹೆರಿಗೆ ಬೇಕೇ ಬೇಕು ಎಂದು ನಮ್ಮ 'ಇನ್ನೊಂದ್ಸಲ' ಹುಡುಗಿ ಪಟ್ಟು ಹಿಡಿದಳು. ಪುಣ್ಯಕ್ಕೆ, ಪಕ್ಕದ ಬೀದಿಗಳಿಗೆಲ್ಲ ಹಾಲು ಹಾಕುವ ಅಜ್ಜಿ ಫೋನ್ ಮಾಡಿ, ಹಸುವಿಗೆ ನೋವು ಶುರುವಾಗಿದೆ ಅಂದಳು. ಇಡೀ ದಂಡು ವ್ಯಾನು ಹತ್ತಿತು. ಈ ಸಲ ಡಾಕ್ಟರ ಹೆಂಡತಿಯೂ ಬೇಕೆಂದು ನನ್ನನ್ನೂ ಔಷಧಿ ಡಬ್ಬದ ಜೊತೆ ತುಂಬಿಕೊಂಡರು.

ಹೆರಿಗೆಗೆ ನಮ್ಮದೊಂದು ಪದ್ಧತಿಯಿದೆ. ಒಂದು ಸಲ ಕೈ ಹಾಕಿ ಕರು ಸರಿಯಾಗಿ ತಿರುಗಿದೆಯಾ ನೋಡುವುದು. ಸರಿಯಿದ್ದರೆ ಎಲ್ಲರೂ ಹಸುವಿಗೆ ಬೆನ್ನು ಹಾಕಿ ಕೂರುವುದು. ಹಸು ನಾಚಿಕೆಯ ಪ್ರಾಣಿ, ಯಾರಾದರೂ ದಿಟ್ಟಿಸುತ್ತಿದ್ದರೆ ಈಯುವುದನ್ನೇ ಮುಂದೂಡಿಬಿಡುತ್ತದೆ. ಈ ಪದ್ಧತಿ ಮಾಡಿದವರು ಬೇರೆ ಯಾರೂ ಅಲ್ಲ, ನಮ್ಮನೆಯವರೇ. ಈಗ ಅದೇ ಮನುಷ್ಯ ಅಜ್ಜಿಯ ಕೊಟ್ಟಿಗೆಯಲ್ಲಿ ಎರಡು ದೊಡ್ಡ ಲೈಟುಗಳ ಮಧ್ಯೆ, ಮೀಸೆ ತಿರುವುತ್ತಾ, ಹಸುವಿನ ಹಿಂಭಾಗದಲ್ಲೇ ಠಿಕಾಣಿ ಹೂಡಿದ್ದರು. ಎದುರಿಗೆ ಕ್ಯಾಮೆರಾದವನು, ಅತ್ತ ಉದ್ದ ಕೋಲಿಗೆ ಮೈಕು ಕಟ್ಟಿಕೊಂಡವನು, ಇತ್ತ ಪೌಡರ್ ಡಬ್ಬ ಹಿಡಿದ ಮೇಕಪ್ಪಿನವನು. ಹಸು ಎಲ್ಲರನ್ನೂ ಒಂದು ಸುತ್ತು ನೋಡಿತು. ನೋವು ನಿಲ್ಲಿಸಿ ಹುಲ್ಲು ತಿನ್ನತೊಡಗಿತು.

ಕಾದೂ ಕಾದೂ ಎಲ್ಲರಿಗೂ ಸಾಕಾಯಿತು. "ಸರ್, ಏನಾದ್ರೂ ಮಾಡಿ" ಎಂದು 'ಇನ್ನೊಂದ್ಸಲ' ಗೋಗರೆದಳು. ನಮ್ಮನೆಯವರು ಕ್ಯಾಮೆರಾ ನೋಡಿ ಹುಬ್ಬು ಗಂಟಿಕ್ಕಿ ಹಗ್ಗ ಕೈಗೆತ್ತಿಕೊಂಡರು. "ಎಳೆದೇಬಿಡೋಣ."

"ಅಪ್ಪಾ, ಬೇಡ" ಅಂದಳು ಮಗಳು. "ನಾನು ಕೈ ಹಾಕಿ ನೋಡಿದೀನಿ. ಕರು ಸರಿಯಾಗೇ ಇದೆ, ದಾರಿ ಇನ್ನೂ ಪೂರ್ತಿ ತೆರೆದಿಲ್ಲ. ಈಗ ಎಳೆದ್ರೆ ಹಸು ಒಳಗೆ ಹರಿದುಹೋಗುತ್ತೆ."

"ಕ್ಯಾಮೆರಾ ಓಡ್ತಿದೆ ಮಗಳೇ, ಬಕೆಟ್ ಹಿಡ್ಕೋ."

"ನಿಮ್ಮಪ್ಪಂಗೆ ಗೊತ್ತಿಲ್ವೇನಮ್ಮಾ?" ಅಂದಳು ಅಜ್ಜಿ.

"ಅಪ್ಪ-ಮಗಳ ಜಗಳ ಸೂಪರ್!" ಅಂದಳು ಡೈರೆಕ್ಟರು. "ಇನ್ನೊಂದ್ಸಲ!"

ಮಗಳು ಬಕೆಟ್ಟನ್ನು ನೆಲಕ್ಕೆ ಕುಕ್ಕಿದಳು. ಬಿಸಿನೀರು ಮೇಕಪ್ಪಿನವನ ಕಾಲ ಮೇಲೆಲ್ಲ ಚೆಲ್ಲಿತು. "ಲೈಟ್ ಆರ್ಸಿ! ಎಲ್ರೂ ಗೋಡೆ ಕಡೆ ತಿರುಗಿ!"

ನನ್ನ ಮಗಳಿಗೆ ಅಷ್ಟು ದೊಡ್ಡ ಗಂಟಲಿದೆ ಎಂದು ನನಗೂ ಗೊತ್ತಿರಲಿಲ್ಲ. ನಾನೇ ಮೊದಲು ತಿರುಗಿದೆ.

"ನಾನೂನಾ?" ಕ್ಯಾಮೆರಾದವನು ಕೇಳಿದ.

"ನೀವೂ, ನಿಮ್ಮ ಕ್ಯಾಮೆರಾನೂ."

"ಮೈಕು?"

"ಅದಕ್ಕೆ ಕಣ್ಣಿಲ್ಲ, ಇರ್ಲಿ. ಅಪ್ಪಾ, ನೀವೂ ತಿರುಗಿ."

"ನಾನ್ಯಾಕೆ?"

"ಎಲ್ಲರಿಗಿಂತ ಜಾಸ್ತಿ ನೋಡ್ತಿರೋದು ನೀವೇ."

ನಾನು ಅವರ ಅಂಗಿ ಹಿಡಿದು ಎಳೆದು ನನ್ನ ಪಕ್ಕ ನಿಲ್ಲಿಸಿಕೊಂಡೆ. ಅವರ ಇನ್ನೊಂದು ಪಕ್ಕದಲ್ಲಿ ಅಜ್ಜಿ ನಿಂತಳು. ಹೀಗೆ ಒಂದು ಟೀವಿ ಕಾರ್ಯಕ್ರಮ ಪೂರ್ತಿ, ಮನೆಪಾಠ ತಪ್ಪಿಸಿದ ಮಕ್ಕಳ ಹಾಗೆ, ಸುಣ್ಣ ಬಳಿದ ಗೋಡೆಗೆ ಮುಖ ಮಾಡಿ ಸಾಲಾಗಿ ನಿಂತಿತು. ಕ್ಯಾಮೆರಾದವನು ಬೇರೆ ದಾರಿ ಕಾಣದೆ ಒಂದು ಇರುವೆ ಸಾಲನ್ನು ಶೂಟ್ ಮಾಡತೊಡಗಿದ. ಮೇಕಪ್ಪಿನವನಿಗೆ ನಗು ಬಂತು, ಪೌಡರ್ ಡಬ್ಬವನ್ನು ಬಾಯಿಗೆ ಒತ್ತಿಕೊಂಡ. ಸೆಕೆಗೆ ನಮ್ಮನೆಯವರ ಮೀಸೆಯ ಕಪ್ಪು ಕರಗಿ ಗಲ್ಲದವರೆಗೂ ಇಳಿದಿತ್ತು. ಕೋಪದಲ್ಲಿ ಅವರ ಮೂಗು ಬುಸುಗುಡುತ್ತಿತ್ತು.

ಹಿಂದೆ ಹುಲ್ಲು ಸರಪರ ಅಂದಿತು. ಹಸು ಧೊಪ್ಪನೆ ಮಲಗಿತು. ಒಮ್ಮೆ ಮುಲುಗಿತು, ಇನ್ನೊಮ್ಮೆ ಗಟ್ಟಿಯಾಗಿ ಮುಲುಗಿತು. ಒದ್ದೆ ಬಟ್ಟೆಯ ಗಂಟು ಜಾರಿ ಬಿದ್ದಂತೆ ಸದ್ದಾಯಿತು. ಎಲ್ಲರೂ ಉಸಿರು ಬಿಟ್ಟೆವು.

ಆದರೆ ಕರು ಉಸಿರು ಬಿಡಲಿಲ್ಲ. ಸೀನಲಿಲ್ಲ, ಕಾಲು ಝಾಡಿಸಲಿಲ್ಲ. ಇಷ್ಟು ವರ್ಷ ಮನೆ ಮುಂದಿನ ಆಸ್ಪತ್ರೆಯಲ್ಲಿ ಈ ಸದ್ದುಗಳನ್ನು ಕೇಳಿದವಳು ನಾನು, ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು. ಮಗಳು ಓಡಿದ್ದು ಕೇಳಿಸಿತು. ಹುಲ್ಲಿನಿಂದ ಮೈ ಉಜ್ಜುವ ಸದ್ದು, ಮೂಗಿನ ಲೋಳೆ ತೆಗೆದು ನೆಲಕ್ಕೆ ಕೊಡವುವ ಸದ್ದು. "ಉಸಿರಾಡೋ ಕಳ್ಳಾ, ಉಸಿರಾಡೋ" ಎಂದು ಅವಳು ಬೇಡುತ್ತಿದ್ದಳು.

ನಮ್ಮನೆಯವರಿಗೆ ತಡೆಯಲಾಗಲಿಲ್ಲ. ಭುಜ ತಿರುಗಿಸಿದರು. ಅಷ್ಟರಲ್ಲಿ ಅಜ್ಜಿ ಅವರ ಮೊಣಕೈ ಗಪ್ಪನೆ ಹಿಡಿದುಕೊಂಡಳು.

"ಡಾಕ್ಟ್ರು ಹೇಳೋತನಕ ತಿರುಗ್ಬೇಡಿ, ಯಜಮಾನ್ರೇ."

ನಾನು ಓರೆಗಣ್ಣಿನಿಂದ ಇವರ ಮುಖ ನೋಡಿದೆ. ಈಗ ರಂಪ ಗ್ಯಾರಂಟಿ ಅಂದುಕೊಂಡೆ. ಅವರು ಅಜ್ಜಿಯನ್ನು ನೋಡಿದರು, ಕೈಯಲ್ಲಿದ್ದ ಹಗ್ಗ ನೋಡಿದರು. ಹಗ್ಗ ಕೆಳಗಿಟ್ಟು, ಕಣ್ಣು ಮುಚ್ಚಿ, ಮುಖವನ್ನು ಗೋಡೆಗೆ ಒತ್ತಿ ನಿಂತುಬಿಟ್ಟರು. ಸುಣ್ಣದ ಮೇಲೆ ಮೀಸೆ ಅಚ್ಚೊತ್ತಿತು.

ಕರು ಸೀನಿತು. ಮತ್ತೊಮ್ಮೆ ಸೀನಿ, ಸಣ್ಣದಾಗಿ ಕೂಗಿತು. ಹಸುವಿನ ನಾಲಿಗೆ ಗರಗರ ಕೆಲಸ ಶುರುಮಾಡಿತು. ನನ್ನ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಡೈರೆಕ್ಟರ್ ಹುಡುಗಿಯೂ ಮೂಗೆಳೆಯುತ್ತಿದ್ದಳು. ಆದರೆ ಯಾರೂ ತಿರುಗಲಿಲ್ಲ, ಯಾಕೆಂದರೆ ಯಾರೂ ತಿರುಗಿ ಎಂದಿರಲಿಲ್ಲ. ಮಗಳಿಗೆ ನಾವಿರುವುದೇ ಮರೆತುಹೋಗಿತ್ತು.

ನಮ್ಮನೆಯವರು ಗೋಡೆಯಿಂದ ಮುಖ ಎತ್ತಿದರು.

"ಡಾಕ್ಟ್ರೇ" ಅಂದರು, ಗೋಡೆ ನೋಡುತ್ತಲೇ.

ಕರುವಿನ ಮೈ ಉಜ್ಜುವ ಸದ್ದು ನಿಲ್ಲಲಿಲ್ಲ. ಅಪ್ಪ ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡಿರಬೇಕು ಮಗಳು.

"ಡಾಕ್ಟ್ರಮ್ಮಾ, ನಿಮ್ಮನ್ನೇ" ಅಂದರು ಇವರು. "ನಾವಿನ್ನು ತಿರುಗಬಹುದಾ?"

ಹಿಂದೆ ಉಜ್ಜುವ ಸದ್ದು ನಿಂತಿತು.

"ಇನ್ನೂ ಬೇಡ" ಅಂದಳು ಮಗಳು. "ಕರು ಎದ್ದು ನಿಲ್ಲಲಿ."

"ಸರಿ" ಅಂದರು ನಮ್ಮನೆಯವರು, ಮತ್ತೆ ಗೋಡೆಗೆ ಹಣೆ ಹಚ್ಚಿ ನಿಂತರು.