ದೆಸಂಕಾ ಅತ್ತೆಯ ಸಾಬೂನು

ನನ್ನ ಅಂಗೈ ಚರ್ಮ ಸುಲಿಯಲು ಶುರುವಾದದ್ದು ಮದುವೆಯಾಗಿ ಈ ಮನೆಗೆ ಬಂದ ಮೇಲೆ. ಬೆಂದ ಆಲೂಗಡ್ಡೆಯ ಸಿಪ್ಪೆಯ ಹಾಗೆ ಏಳುತ್ತಿತ್ತು. ಅತ್ತೆ ದೆಸಂಕಾ ಅದನ್ನು ಊರಿಗೆಲ್ಲ ಸಾರಿದರು. ನಮ್ಮ ಮನೆತನವನ್ನು ಕಾಯುವ ಸಂತ ನಿಕೊಲಾನ ಹಬ್ಬಕ್ಕೆ ರೊಟ್ಟಿ ನಾದಲು ನಿಂತಾಗ, ನೆಂಟರ ಮುಂದೆಯೇ ನನ್ನ ಕೈಯಿಂದ ಹಿಟ್ಟಿನ ಬೋಗುಣಿ ಕಿತ್ತುಕೊಂಡರು.

"ಮುಟ್ಟಬೇಡ್ವೆ ಸ್ಮಿಲ್ಯಾ. ಅದು ನಿನ್ ತವರಿಂದ ಬಂದ ರೋಗ. ಆ ಕೈಲಿ ನಾದಿದ್ರೆ ಸಂತ ಮುನಿಸ್ಕೋತಾನೆ."

ನಮ್ಮ ಕಡೆ ಆ ರೊಟ್ಟಿ ನಾದುವವಳೇ ಮನೆಯೊಡತಿ. ನನ್ನ ಗಂಡ ರಾದೋವನ್ ಕಿಟಕಿಯಾಚೆ ನೋಡುತ್ತ ನಿಂತ. ಅಂದು ಹೊತ್ತಿದ ಸಿಟ್ಟು ವರ್ಷವಾದರೂ ಆರಲಿಲ್ಲ.

ಮುಂದಿನ ಹಬ್ಬ ಹತ್ತಿರವಾದಾಗ ಪಟ್ಟಣದ ಚರ್ಮದ ಡಾಕ್ಟರಮ್ಮನ ಬಳಿ ಹೋದೆ.

"ಜ್ವರ, ಗಂಟಲುನೋವು ಬಂದಿತ್ತಾ? ಅದಾದ್ಮೇಲೂ ಕೈ ಸುಲಿಯತ್ತೆ. ಮನೇಲಿ ಯಾರಿಗಾದ್ರೂ ಸೋರಿಯಾಸಿಸ್ ಇದ್ಯಾ? ಹೊಸ ಮಾತ್ರೆ ಏನಾದ್ರೂ ತಗೋತಿದೀಯಾ?"

ಎಲ್ಲಕ್ಕೂ ಇಲ್ಲವೆಂದೆ. ಚರ್ಮ ಕೆರೆದು ಪರೀಕ್ಷೆ ಮಾಡಿದರು, ಫಂಗಸ್ಸೂ ಇರಲಿಲ್ಲ.

"ಮತ್ತೆ ಪಾತ್ರೆ, ಬಟ್ಟೆ ಯಾವುದ್ರಲ್ಲಿ ತೊಳೀತೀಯಮ್ಮ?"

"ಅತ್ತೆ ಮಾಡೋ ಸೋಪಲ್ಲಿ. ಹಂದಿ ಕೊಬ್ಬಿಗೆ ಕಣ್ಣಂದಾಜಲ್ಲಿ ಕಾಸ್ಟಿಕ್ ಸೋಡಾ ಸುರೀತಾರೆ. ಜಾಸ್ತಿ ಹಾಕಿದಷ್ಟೂ ಬಟ್ಟೆ ಬೆಳ್ಳಗಾಗತ್ತಂತೆ."

ಡಾಕ್ಟರಮ್ಮ ನಕ್ಕರು. "ಬಟ್ಟೆ ಜೊತೆ ನಿನ್ನನ್ನೂ ಒಗೀತಿದಾರೆ. ಇದೇನು ಅಂಟುರೋಗ ಅಲ್ಲ. ಆ ಸೋಪು ಬಿಡು, ಮುಲಾಮು ಹಚ್ಚು. ಮನೇಲೂ ಹೇಳು, ಬೇರೆಯವರಿಗೂ ಆದೀತು."

ನಾನು ಹೇಳಬೇಕಂತೆ! ಎರಡೂ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಮನೆಗೆ ಬಂದೆ. "ನೀರು ಮುಟ್ಟಬಾರದಂತೆ ಅತ್ತೆ" ಎಂದಷ್ಟೇ ಅಂದೆ.

ನಾನು ಬಂದಾಗಿನಿಂದ ಪಾತ್ರೆ, ಬಟ್ಟೆ ಮುಟ್ಟದಿದ್ದ ಅತ್ತೆ ಗೊಣಗುತ್ತಲೇ ತೊಳೆಯುವ ತೊಟ್ಟಿಯ ಮುಂದೆ ನಿಂತರು. ಹಂದಿ ಕಡಿಯುವ ಕಾಲ ಬೇರೆ. ಜಿಡ್ಡಿನ ಹಂಡೆ, ಕೊಬ್ಬು ಮೆತ್ತಿದ ಮೇಜು, ಎಲ್ಲದಕ್ಕೂ ಅವರದೇ ಸಾಬೂನು. ಬ್ಯಾಂಡೇಜಿನೊಳಗೆ ನನ್ನ ಕೈ ಮೆತ್ತಗಾಗುತ್ತ ಬಂತು. ಅವರು ಅಂಗೈಗೆ ಗುಟ್ಟಾಗಿ ಕೊಬ್ಬು ಸವರಿಕೊಳ್ಳುವುದು ಕಣ್ಣಿಗೆ ಬಿತ್ತು. ಮಾಡಿದ್ದುಣ್ಣೋ ಮಹಾರಾಯ ಅಂದುಕೊಂಡೆ. ಅಯ್ಯೋ ಪಾಪ ಅನಿಸಲಿಲ್ಲ, ಸುಳ್ಳೇಕೆ ಹೇಳಲಿ, ಹಿಗ್ಗಿದೆ.

ಹಬ್ಬದ ಹಿಂದಿನ ದಿನ ಅದೇ ನೆಂಟರು ಬಂದರು. ಅತ್ತೆ ತೋಳು ಮಡಚಿ ಹಿಟ್ಟಿಗೆ ಕೈ ಚಾಚಿದಾಗ ಸುಲಿದ ಅಂಗೈ ಎಲ್ಲರಿಗೂ ಕಂಡಿತು. ನಾನು ಬ್ಯಾಂಡೇಜು ಬಿಚ್ಚಿಟ್ಟು ಬೋಗುಣಿಯನ್ನು ನನ್ನ ಕಡೆ ಎಳೆದುಕೊಂಡೆ.

"ಮುಟ್ಟಬೇಡಿ ಅತ್ತೆ. ಸಂತ ಮುನಿಸ್ಕೋತಾನೆ."

ಅತ್ತೆ ಕೈ ಹಿಂದಕ್ಕೆಳೆದುಕೊಂಡರು. ರೊಟ್ಟಿ ನಾನೇ ನಾದಿದೆ.

ಸಂಜೆ ಅತ್ತೆ ಒಬ್ಬರೇ ಒಲೆಯ ಬಳಿ ಬಂದರು. ದನಿ ಇಳಿದಿತ್ತು.

"ಸ್ಮಿಲ್ಯಾ, ಮಗಳೇ, ಡಾಕ್ಟರು ನಿಂಗೆ ಏನಂದ್ರು? ಇದ್ಯಾವ ರೋಗ?"

ಮಗಳೇ ಎಂದು ಅವರು ಕರೆದದ್ದು ಅದೇ ಮೊದಲು. ನಿಜ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

"ತವರಿಂದ ಬಂದಿರ್ಬೇಕು ಅತ್ತೆ. ಈ ಸಲ ನಿಮ್ ತವರಿಂದ. ನಂಗೆ ರೊಟ್ಟಿ ಕೆಲ್ಸ ಇದೆ, ಪಾತ್ರೆ ನೀವೇ ನೋಡ್ಕೊಳ್ಳಿ" ಎಂದು, ತೊಟ್ಟಿಯ ಪಕ್ಕ ಅವರದೇ ಸಾಬೂನಿನ ಹೊಸ ಬಿಲ್ಲೆ ಇಟ್ಟೆ.